ಬೋರ್ಡ್ ಬದಲಾದ ಮೇಲೆ...

‘ಕಂಪೆನಿ ಮಾರಿ ಹೋಯ್ತಂಬ್ರ್’ ಎಂಬ ಸುದ್ದಿ ಬಂದರೆ ಸಾಕು, ‘ಹಾಗಾದರೆ ಕೆಲಸವೂ ಹೋಯ್ತಾ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ದೊಡ್ಡ ಕಂಪೆನಿ ಚಿಕ್ಕದನ್ನು ಕೊಂಡರೆ ಚಿಕ್ಕದರ ಹೊಸತನವೂ ಮುಗಿಯಿತು ಎಂಬ ಮಾತು ಕ್ಯಾಂಪಸ್‌ಗಳಲ್ಲಿ ಸಾಮಾನ್ಯ. ಇದು ನಿಜವೇ ಎಂದು ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ನಮ್ಮ ಹಂಗಾರಕಟ್ಟೆಯಲ್ಲೇ ಉದಾಹರಣೆಯಿದೆ.

ಮಲ್ಪೆ ಮತ್ತು ಹಂಗಾರಕಟ್ಟೆಯಲ್ಲಿ ನೆಲೆಯಿದ್ದ ಟೆಬ್ಮಾ ಶಿಪ್‌ಯಾರ್ಡ್ ಮೊದಲು ಭಾರತಿ ಶಿಪ್‌ಯಾರ್ಡ್ ತೆಕ್ಕೆಗೆ ಹೋಯಿತು. ಕೊಂಡವರೇ ಸಾಲದಲ್ಲಿ ಮುಳುಗಿದರು. ಟೆಬ್ಮಾ ಕೂಡ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2020ರಲ್ಲಿ ಸರ್ಕಾರಿ ಸ್ವಾಮ್ಯದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಖರೀದಿಸಿತು. 2022ರಲ್ಲಿ ಅದರ ಹೆಸರು ‘ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್’ ಆಯಿತು. ಯಾರ್ಡ್ ಒಂದೇ, ಮಾರಾಟ ಎರಡು, ಫಲ ಮಾತ್ರ ಬೇರೆ ಬೇರೆ.

ವ್ಯತ್ಯಾಸ ಎಲ್ಲಿದೆ? ಹಡಗು ಕಟ್ಟುವಾಗ ಗ್ರಾಹಕ ಕಂತು ಕಂತಾಗಿ ಹಣ ಕೊಡುತ್ತಾನೆ. ಯಾರ್ಡ್ ನಡುವೆಯೇ ಮುಚ್ಚೀತು ಎಂಬ ಭಯವಿದ್ದರೆ ಎಷ್ಟೇ ಕೌಶಲವಿದ್ದರೂ ಆರ್ಡರ್ ಬರುವುದಿಲ್ಲ. ಐಎನ್‌ಎಸ್ ವಿಕ್ರಾಂತ್ ಕಟ್ಟಿದ ಕೊಚ್ಚಿನ್ ಬೆನ್ನಿಗೆ ನಿಂತಾಗ ಆ ಭಯ ಕಡಿಮೆಯಾಯಿತು. ಇತ್ತ ಕೊಚ್ಚಿನ್‌ಗೂ ಲಾಭವಿದೆ. ವಿಮಾನವಾಹಕ ನೌಕೆಯ ಡಾಕ್‌ನಲ್ಲಿ ಟಗ್ ಕಟ್ಟುವುದೆಂದರೆ ಮದುವೆ ಹಂಡೆಯಲ್ಲಿ ಇಬ್ಬರಿಗೆ ಅನ್ನ ಬೇಯಿಸಿದಂತೆ. ಚಿಕ್ಕ ಹಡಗಿಗೆ ಚಿಕ್ಕ ಯಾರ್ಡೇ ಸರಿ. ಮುಂದೆ 62 ಟನ್ ಎಳೆಯುವ ಸಾಮರ್ಥ್ಯದ ಟಗ್‌ಗಳು ಇಲ್ಲಿ ತಯಾರಾದವು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪೆನಿ 3,800 ಟನ್ ಸಾಮರ್ಥ್ಯದ ಆರು ಡೀಸೆಲ್-ಎಲೆಕ್ಟ್ರಿಕ್ ಸರಕು ಹಡಗುಗಳಿಗೆ ಆರ್ಡರ್ ನೀಡಿತು.

ಸೋತವರು ಮಾತ್ರ ಮಾರುತ್ತಾರೆ ಎಂದೇನೂ ಇಲ್ಲ. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಚೆನ್ನಾಗಿ ಬೆಳೆದ ಮೇಲೆಯೇ 2021ರಲ್ಲಿ ಜಪಾನಿನ ಟೆಕ್ನೋಪ್ರೋ ಪಾಲಾಯಿತು. ಒಪ್ಪಂದದ ಮೊತ್ತ ಸುಮಾರು 805 ಕೋಟಿ ರೂಪಾಯಿ.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ನಾರ್ವೆಯ ಆ ಆರು ಹಡಗುಗಳ ವಿನ್ಯಾಸ ನೆದರ್ಲೆಂಡ್ಸ್‌ನ ಕೋನೋಶಿಪ್ ಸಂಸ್ಥೆಯದು. ಒಡೆತನ ಕೊಚ್ಚಿಯದು, ಗ್ರಾಹಕ ನಾರ್ವೆಯವನು, ನಕ್ಷೆ ಡಚ್ಚರದು. ಉಕ್ಕು ಕತ್ತರಿಸುವುದು, ವೆಲ್ಡಿಂಗ್, ಪೈಪಿಂಗ್, ಜೋಡಣೆ ನಮ್ಮದು. ಇದು ಸಣ್ಣ ಕೆಲಸವಲ್ಲ. ಒಂದು ಬೆಸುಗೆ ತಪ್ಪಿದರೂ ಸಮುದ್ರ ಕ್ಷಮಿಸುವುದಿಲ್ಲ. ಆದರೆ ಮೊದಲ ಗೆರೆ ಎಳೆದವರ ಬಳಿಯೇ ಜ್ಞಾನ ಉಳಿಯುತ್ತದೆ. ಮಾಲೀಕರು ಮತ್ತೆ ಬದಲಾದರೂ ಅದು ಅವರ ಜತೆಗೇ ಇರುತ್ತದೆ.

ಹಾಗಾಗಿ ಸ್ನೇಹಿತರೇ, ಸಂದರ್ಶನಕ್ಕೆ ಹೋಗುವಾಗ ಪ್ಯಾಕೇಜ್ ಜತೆಗೆ ಇನ್ನೆರಡು ಪ್ರಶ್ನೆ ಕೇಳೋಣ. ಈ ಕಂಪೆನಿಯ ಒಡೆಯರು ಯಾರು? ಇಲ್ಲಿ ವಿನ್ಯಾಸ ಮಾಡುವವರು ಯಾರು? ಮೊದಲನೆಯದರ ಉತ್ತರ ನಮ್ಮ ಕೈಯಲ್ಲಿಲ್ಲ. ಎರಡನೆಯದಕ್ಕೆ ‘ನಾವು’ ಎನ್ನುವಷ್ಟು ಕಲಿಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ.