ಅರಣ್ಯ ಸಂಶೋಧನೆಗೆ ನ್ಯೂಜಿಲೆಂಡ್: ಕೇಳಿದ್ದೆಷ್ಟು, ನಿಜವೆಷ್ಟು?

ವಿದೇಶದಲ್ಲಿ ಪಿಎಚ್‌ಡಿ ಎಂದರೆ ಹೊಲ-ಮನೆ ಅಡ ಇಡಬೇಕು ಎಂಬ ಮಾತಿಗೆ ಹೆದರಿ, ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯಶಾಸ್ತ್ರ ಓದಿದ ಜಾಣ ಮಕ್ಕಳೂ ಅರ್ಜಿ ಹಾಕುವ ಗೋಜಿಗೆ ಹೋಗುವುದಿಲ್ಲ. ನ್ಯೂಜಿಲೆಂಡ್ ಮಟ್ಟಿಗೆ ಈ ಭಯಕ್ಕೆ ಅರ್ಧ ಆಧಾರವೂ ಇಲ್ಲ. ಅಲ್ಲೇ ನೆಲೆಸಿ ಪಿಎಚ್‌ಡಿ ಮಾಡುವ ವಿದೇಶಿ ವಿದ್ಯಾರ್ಥಿಗಳು ಸ್ಥಳೀಯರಷ್ಟೇ ಶುಲ್ಕ ಕಟ್ಟಿದರೆ ಸಾಕು. 2006ರಿಂದ ಇದೇ ನಿಯಮ. ಸ್ನಾತಕೋತ್ತರ ಪದವಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಅಲ್ಲಿ ವಿದೇಶಿಯರ ದುಬಾರಿ ಶುಲ್ಕವೇ. ಈ ವ್ಯತ್ಯಾಸ ತಿಳಿಯದೆ ಸಾಲಕ್ಕೆ ಸಹಿ ಹಾಕಬಾರದು. ಊಟ, ವಸತಿಯ ಖರ್ಚು ಇದ್ದೇ ಇದೆ. ಅದಕ್ಕೆ ವಿದ್ಯಾರ್ಥಿವೇತನ ಬೇಕು, ಅದಕ್ಕೆ ಪೈಪೋಟಿಯೂ ಜೋರು.

ಅರಣ್ಯ ಸಂಶೋಧನೆ ಎಂದರೆ ದಟ್ಟ ಕಾಡು, ಹುಲಿ, ಆನೆ ಎಂದುಕೊಂಡು ಹೊರಟವರಿಗೆ ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಬೇರೆಯದೇ ಲೋಕ ಕಾಣುತ್ತದೆ. ಆ ದೇಶದಲ್ಲಿ ನೆಟ್ಟು ಬೆಳೆಸಿದ ಕಾಡಿನಲ್ಲಿ ಸುಮಾರು ಶೇ 90ರಷ್ಟು ರೇಡಿಯಾಟಾ ಪೈನ್. ಮೂಲ ಕ್ಯಾಲಿಫೋರ್ನಿಯಾದ ಈ ಮರ ಇಪ್ಪತ್ತೈದು–ಮೂವತ್ತು ವರ್ಷಕ್ಕೆ ಕಟಾವಿಗೆ ಬರುತ್ತದೆ. ನಿಂತ ಮರ ಗಟ್ಟಿಯೋ ಅಲ್ಲವೋ ಎಂದು ಕಡಿಯದೆ ತಿಳಿಯುವುದು ಹೇಗೆ? ಕಾಂಡಕ್ಕೆ ಮೇಲೊಂದು, ಕೆಳಗೊಂದು ಮೊಳೆಯಂಥ ಸಂವೇದಕ ಚುಚ್ಚಿ, ಒಂದಕ್ಕೆ ಸುತ್ತಿಗೆಯಿಂದ ತಟ್ಟುತ್ತಾರೆ. ಸದ್ದು ಇನ್ನೊಂದಕ್ಕೆ ತಲುಪಲು ಹಿಡಿದ ಸಮಯವನ್ನು ಉಪಕರಣ ಅಳೆಯುತ್ತದೆ. ಸದ್ದು ಬೇಗ ಹರಿದರೆ ಮರ ಬಿಗಿ. ಇಂಥ ಸಾವಿರಾರು ಅಳತೆ, ಆಮೇಲೆ ತಿಂಗಳುಗಟ್ಟಲೆ ಕಂಪ್ಯೂಟರ್ ಮುಂದೆ ಸಂಖ್ಯಾಶಾಸ್ತ್ರ. ಗಣಿತ ಕಂಡರೆ ಓಡುವವರಿಗೆ ಈ ದಾರಿ ಕಷ್ಟವೇ.

'ಪೈನ್ ಓದಿ ಮಲೆನಾಡಿಗೇನು ಲಾಭ' ಎಂಬ ಪ್ರಶ್ನೆ ಸಹಜ. ಕಲಿಯುವುದು ಪೈನನ್ನಲ್ಲ, ಅಳೆಯುವ ವಿಧಾನವನ್ನು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದಿಂದ ಬಂದ ಮರ. ಅದರ ನಾಟಾ ಎಷ್ಟು, ಗುಣ ಎಂಥದು ಎಂದು ಕಡಿಯುವ ಮೊದಲೇ ಹೇಳಬಲ್ಲವರು ಬೆಳೆಗಾರರಿಗೆ ಬೇಕೇ ಬೇಕು.

ಪಿಎಚ್‌ಡಿ ಮುಗಿಸಿ ಬಂದರೆ ಅರಣ್ಯಾಧಿಕಾರಿ ಹುದ್ದೆ ಕಾದಿರುತ್ತದೆ ಎಂಬುದು ಶುದ್ಧ ಭ್ರಮೆ. ಐಎಫ್‌ಎಸ್‌ಗೆ ಯುಪಿಎಸ್‌ಸಿ ಪರೀಕ್ಷೆಯೇ ಬಾಗಿಲು, ವಯೋಮಿತಿಯೂ ಉಂಟು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇನ್ನೊಂದಿದೆ: ಒಳ್ಳೆಯ ಅಂಕ, ಐಇಎಲ್‌ಟಿಎಸ್ ಎರಡಿದ್ದರೆ ಸೀಟು ಸಿಕ್ಕಂತೆ. ಪಿಎಚ್‌ಡಿಯಲ್ಲಿ ತರಗತಿಯ ಪಾಠ ಬಲು ಕಡಿಮೆ, ಪ್ರಬಂಧವೇ ಸರ್ವಸ್ವ. ಆದ್ದರಿಂದ ನಿಮ್ಮ ವಿಷಯ ಬಲ್ಲ ಪ್ರಾಧ್ಯಾಪಕರು ಮಾರ್ಗದರ್ಶನಕ್ಕೆ ಒಪ್ಪದಿದ್ದರೆ ಎಷ್ಟು ಅಂಕವಿದ್ದರೂ ಕೆಲಸ ಸಾಗದು. ಮೊದಲು ಅವರ ಎರಡು ಲೇಖನ ಓದಿ. ನಿಮ್ಮ ಪ್ರಶ್ನೆ ಏನು, ನೀವೇ ಕೈಯಾರೆ ಮಾಡಿದ ಕೆಲಸ ಯಾವುದು ಎಂದು ಒಂದೇ ಪುಟದಲ್ಲಿ ಬರೆದು ಕಳಿಸಿ. ಏಜೆಂಟರಿಗೆ ಹಣ ಕಟ್ಟುವ ಮಾತು ಆಮೇಲೆ; ಈ ಪತ್ರವನ್ನು ನೀವೇ ಬರೆಯಿರಿ.