ಫಟಫಟಿಯ ಸವಾರನಿಗೆ ವಯಸ್ಸಾದಾಗ

ಯಲಬುರ್ಗಾ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಹಳ್ಳಿಯಲ್ಲಿ ಹೊತ್ತು ಮೂಡಿ ಅರ್ಧ ತಾಸಾಗುವ ವೇಳೆಗೆ ಒಂದು ಸಪ್ಪಳ ಕೇಳಿಬರುವುದುಂಟು. ಮೊದಲು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಒಂದು 'ಗರ್ರ್'. ಆಮೇಲೆ ಎರಡು ಸಲ ಕೆಮ್ಮಿದ ಧ್ವನಿ. ಅನಂತರ ಓಣಿಯ ಎರಡು ಗೋಡೆಗಳ ನಡುವೆ ತುಂಬಿಕೊಳ್ಳುವ 'ಫಟ್ ಫಟ್ ಫಟ್'. ಮಾವನವರ ಯೆಜ್ಡಿ ಮೋಟಾರು ಸೈಕಲ್ಲು ಎಚ್ಚತ್ತಿತೆಂದು ಊರಿಗೆ ತಿಳಿಯುವುದು ಹೀಗೆ. ಹಿಂದೆ ಒಂದೇ ಒದೆತಕ್ಕೆ ಏಳುತ್ತಿದ್ದ ಆ ಗಾಡಿಗೆ ಈಚಿನ ವರ್ಷಗಳಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಆರು ಒದೆತಗಳು ಬೇಕಾಗತೊಡಗಿದ್ದವು. ಎದುರು ಮನೆಯ ಮುದುಕಿ ಕಸ ಗುಡಿಸುತ್ತಲೇ ಎಣಿಸುತ್ತಿದ್ದಳು. ಆರಕ್ಕೆ ಹೋಯಿತೆಂದರೆ, "ಇವತ್ತ ಮಾಸ್ತರಗ ಆರಾಮಿಲ್ಲ ನೋಡವಾ" ಎಂದು ನಮ್ಮ ಅತ್ತೆಗೆ ಹೇಳಿ ಕಳಿಸುತ್ತಿದ್ದಳಂತೆ. ದೋಷ ಗಾಡಿಯದಲ್ಲವೆಂಬುದು ಆಕೆಗೆ ಗೊತ್ತಿತ್ತು. ಗಾಡಿಗೆ ಹೊಸ ಪಿಸ್ಟನ್ ರಿಂಗು ಬಿದ್ದಿತ್ತು; ಮೊಣಕಾಲಿಗೆ ಬಿದ್ದಿರಲಿಲ್ಲ.

ಮೋಟಾರು ಸೈಕಲ್ಲೆಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ತರುಣ. ಚಿತ್ರಪಟಗಳಲ್ಲಿ ಅವನೇ, ಜಾಹೀರಾತುಗಳಲ್ಲಿಯೂ ಅವನೇ. ಆ ತರುಣನಿಗೆ ಅರವತ್ತೆಂಟು ತುಂಬಿದ ಮೇಲೆ ಏನಾಗುತ್ತದೆಂಬುದನ್ನು ಕೇಳಿದವರು ವಿರಳ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಲ್ಲಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ, ತೊಂಬತ್ತರ ಮೊದಲಲ್ಲಿ, ಮನೆತನಕ್ಕೆ ಮೊದಲನೆಯದಾಗಿ ಫಟಫಟಿ ತಂದವರೆಲ್ಲ ಈಗ ಮುಪ್ಪಿನ ಹೊಸ್ತಿಲನ್ನು ದಾಟಿದ್ದಾರೆ. ಅವರ ಅಪ್ಪಂದಿರು ಮುದುಕರಾದದ್ದು ಚಕ್ಕಡಿಯ ಮೇಲೆ. ಚಕ್ಕಡಿಯಲ್ಲಿ ಕುಳಿತವನು ತೂಕಡಿಸಿದರೂ ಎತ್ತುಗಳಿಗೆ ಮನೆಯ ದಾರಿ ಗೊತ್ತಿರುತ್ತಿತ್ತು. ಅವು ಹಳ್ಳ ದಾಟಿಸಿ, ಅಗಸೆ ಹೊಗಿಸಿ, ಹಟ್ಟಿಯ ಮುಂದೆ ತಾವಾಗಿ ನಿಲ್ಲುತ್ತಿದ್ದವು. ಫಟಫಟಿಗೆ ಆ ತಿಳಿವಳಿಕೆಯಿಲ್ಲ. ಆದುದರಿಂದ ಎರಡು ಗಾಲಿಯ ಯಂತ್ರದ ಮೇಲೆ ಮುದುಕರಾಗುವುದು ಹೇಗೆಂಬುದನ್ನು ಈ ಪೀಳಿಗೆಗೆ ಕಲಿಸಿಕೊಟ್ಟ ಹಿರಿಯರೇ ಇಲ್ಲ. ಅವರೇ ಮೊದಲಿಗರು, ಕಲಿಯುವುದಿದ್ದರೆ ತಾವೇ ಕಲಿಯಬೇಕು.

ಮಾವ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಗಾಡಿ ಕೊಂಡದ್ದು ೧೯೯೧ರಲ್ಲಿ. ಅಂದು ಅವರಿಗಿದ್ದ ವಯಸ್ಸೇ ಹೆಚ್ಚುಕಡಿಮೆ ಇಂದು ನನಗಿದೆ. ಆಗ ನಮ್ಮದು ರಾಯಚೂರು ಜಿಲ್ಲೆ. ಆದುದರಿಂದ ಗಾಡಿಯ ಮೇಲೆ 'ಕೆಎ-೩೬' ಎಂದಿದೆ. ೧೯೯೭ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗಿ ತನ್ನದೇ ಆದ ೩೭ನ್ನು ಪಡೆದರೂ ಮಾವನ ಗಾಡಿ ಹಳೆಯ ಅಂಕಿಯನ್ನೇ ಹೊತ್ತು ತಿರುಗುತ್ತಿದೆ. ಇನ್ನು ಗಾಡಿಯ ತೌರುಮನೆಯ ಸಂಗತಿ. ಮೈಸೂರಿನ ಯಾದವಗಿರಿಯಲ್ಲಿ ೧೯೬೦ರಲ್ಲಿ ಐಡಿಯಲ್ ಜಾವಾ ಎಂಬ ಕಾರಖಾನೆ ಹುಟ್ಟಿತು. ಚೆಕೊಸ್ಲೊವಾಕಿಯದ ಜಾವಾ ಗಾಡಿಗಳನ್ನು ಮೊದಲು ಅದೇ ಹೆಸರಿನಲ್ಲಿಯೂ, ೧೯೭೩ರಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಅಲ್ಲಿ ಕಟ್ಟಿದರು. ೧೯೯೬ರಲ್ಲಿ ಕಾರಖಾನೆ ಬಾಗಿಲು ಹಾಕಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಕಂಪನಿಯ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ. ಹಳೆಯ ಗಾಡಿಗಳ ಅಭಿಮಾನಿಗಳು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಊರೂರಿನಲ್ಲಿ ಕೂಡಿ ಹಬ್ಬವನ್ನೇ ಮಾಡುತ್ತಾರೆ. ಮಾವ ಇದಕ್ಕೆ ಹೋದವರಲ್ಲ. "ದಿನಾ ಹೊಡಿಯಾಂವಗ ಎದರ ಹಬ್ಬ?" ಎನ್ನುತ್ತಾರೆ.

ಈ ಗಾಡಿಯಲ್ಲಿ ಎರಡು ವಿಚಿತ್ರಗಳುಂಟು. ಒದೆಯುವ ಸನ್ನೆಯೂ ಗೇರು ಹಾಕುವ ಸನ್ನೆಯೂ ಒಂದೇ; ಒಳಕ್ಕೆ ಒತ್ತಿ ಮೇಲೆತ್ತಿದರೆ ಒದೆಯುವುದಕ್ಕೆ, ಮುಂದಕ್ಕೆ ಮಲಗಿಸಿದರೆ ಗೇರಿಗೆ. ಇನ್ನೊಂದು, ಓಡುತ್ತಿರುವಾಗ ಕಾಲಿನಿಂದ ಗೇರು ಬದಲಿಸಿದರೆ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಕೈಯಿಂದ ಹಿಡಿಯಬೇಕಾದದ್ದು ನಿಂತಲ್ಲಿಂದ ಹೊರಡುವಾಗ ಮಾತ್ರ. ಪ್ರಾಯದಲ್ಲಿ ಮಾವ ಇದನ್ನು ಸೋಮಾರಿಗಳ ಸೌಕರ್ಯವೆಂದು ಹೀಯಾಳಿಸುತ್ತಿದ್ದರು. ಎಡಗೈಯ ಬೆರಳ ಸಂದುಗಳು ಬಾತುಕೊಳ್ಳತೊಡಗಿದ ಮೇಲೆ ಆ ಜೆಕ್ ಎಂಜಿನಿಯರನನ್ನು ನೆನೆಯದ ದಿನವಿಲ್ಲ.

ಮುಪ್ಪು ಸವಾರನನ್ನು ಹಿಡಿಯುವ ಬಗೆ ಬಲು ಕಳ್ಳತನದ್ದು. ಕಣ್ಣನ್ನೇ ನೋಡಿ. ಇಪ್ಪತ್ತರ ಹರೆಯದಲ್ಲಿ ಕಣ್ಣಿನ ಒಳಪರದೆಯನ್ನು ಮುಟ್ಟುತ್ತಿದ್ದ ಬೆಳಕಿನಲ್ಲಿ ಅರವತ್ತರ ವೇಳೆಗೆ ಮುಟ್ಟುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರವೆಂದು ನೇತ್ರವೈದ್ಯರು ಹೇಳುತ್ತಾರೆ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಹಗಲಿನಲ್ಲಿ ಇದು ತಿಳಿಯುವುದೇ ಇಲ್ಲ, ಮುಚ್ಚಂಜೆಯಲ್ಲಿ ತಿಳಿಯುತ್ತದೆ. ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆದು ಹೋದ ಮೇಲೆ ಕತ್ತಲೆಯಲ್ಲಿ ದಾರಿ ಮತ್ತೆ ಕಾಣುವುದಕ್ಕೆ ತರುಣನಿಗಿಂತ ಹೆಚ್ಚು ಹೊತ್ತು ಬೇಕು. ಗಂಟೆಗೆ ೬೦ ಕಿಲೊಮೀಟರು ಓಡುವ ಗಾಡಿ ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಬ್ರೇಕು ಒತ್ತಬೇಕೆಂಬ ಬುದ್ಧಿ ಕಾಲಿಗೆ ಮುಟ್ಟುವುದು ಅರ್ಧ ಸೆಕೆಂಡು ತಡವಾದರೂ ಎಂಟು ಮೀಟರು, ಎಂದರೆ ಒಂದು ಚಕ್ಕಡಿ ಮತ್ತು ಅದರ ಎತ್ತುಗಳು ನಿಲ್ಲುವಷ್ಟು ಜಾಗ, ಕೈಬಿಟ್ಟಿತು. ಕೊರಳು ತಿರುಗದು, ಹಿಂದೆ ಬರುವವರಿಗೆ ಕನ್ನಡಿಯೊಂದೇ ಗತಿ. ಸಕ್ಕರೆ ಕಾಯಿಲೆ ಹಳತಾದವರಿಗೆ ಪಾದಗಳು ಜೋಮು ಹಿಡಿದು, ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ ೧,೬೮,೪೯೧ ಜನರಲ್ಲಿ ಶೇಕಡ ೪೪.೫ ಮಂದಿ ಎರಡು ಗಾಲಿಯ ವಾಹನದವರು. ಮುದುಕರ ಹಟವನ್ನು ಮೆಚ್ಚಿ ಬರೆಯುವಾಗ ಈ ಅಂಕಿಯನ್ನು ಮರೆಮಾಡುವುದು ಅಪ್ರಾಮಾಣಿಕವಾದೀತು.

ದಾರಿಗಳೂ ನಮ್ಮವು ಸರಳವಾದವಲ್ಲ. ಯಲಬುರ್ಗಾದ ಎರೆಹೊಲಗಳ ದಾರಿಯಲ್ಲಿ ಮಳೆ ಬಿದ್ದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿ ನಿಂತೇ ಬಿಡುತ್ತದೆ. ಇಳಿದು ಕಟ್ಟಿಗೆಯಿಂದ ಕೆದರಬೇಕು, ಹತ್ತು ಮಾರು ಹೋಗಿ ಮತ್ತೆ ಕೆದರಬೇಕು. ಕುಷ್ಟಗಿಯ ಮಸಾರಿಯಲ್ಲಿ ಆ ಕಾಟವಿಲ್ಲ, ಆದರೆ ತಿರುವುಗಳಲ್ಲಿ ಉಸುಕು ಜಾರಿಸುತ್ತದೆ. ಸುಗ್ಗಿಯಲ್ಲಿ ರೈತರು ಹುರುಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹಾಸುತ್ತಾರೆ. ಓಡುವ ಗಾಡಿಗಳೇ ಅದನ್ನು ಒಕ್ಕಬೇಕು. ಬಳ್ಳಿ ಸರಪಳಿಗೆ ಸುತ್ತಿಕೊಂಡರೆ ಸವಾರನ ಕತೆ ಮುಗಿಯಿತು. ಗಂಗಾವತಿಯ ಕಡೆ, ತುಂಗಭದ್ರೆಯ ಎಡದಂಡೆಯ ಕಾಲುವೆಯ ಬಯಲಿನಲ್ಲಿ, ರಸ್ತೆಯ ಅರ್ಧಕ್ಕೆ ಭತ್ತ ಒಣಗಲು ಹಾಕಿ ಅಂಚಿಗೆ ಕಲ್ಲುಗಳನ್ನಿಡುತ್ತಾರೆ. ಭತ್ತವನ್ನು ಸಂಜೆ ರಾಶಿ ಮಾಡುತ್ತಾರೆ. ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ!

ಇದೆಲ್ಲವನ್ನೂ ಮಾವ ನನಗಿಂತ ಚೆನ್ನಾಗಿ ಬಲ್ಲರು. ಅವರು ಗಾಡಿಯನ್ನು ಬಿಡಲಿಲ್ಲ. ಆದರೆ ಒಂದೊಂದನ್ನಾಗಿ ಬಿಡುತ್ತ ಬಂದರು. ಐವತ್ತೆಂಟಕ್ಕೆ ರಾತ್ರಿಯ ಸವಾರಿಯನ್ನು ಬಿಟ್ಟರು. ಮೊಮ್ಮಗ ನಡೆಯತೊಡಗಿದ ವರ್ಷ, ಮಕ್ಕಳನ್ನು ಟಾಕಿಯ ಮೇಲೆ ಕೂರಿಸುವುದನ್ನು ಬಿಟ್ಟರು. ನಾನು ಎಷ್ಟೋ ಸಲ ಕುಳಿತ ಜಾಗವದು. ಪೆಟ್ರೋಲು ಟಾಕಿಯ ಬಿಸಿಯೂ ಮಾವನ ಅಂಗಿಯ ಎಣ್ಣೆಯ ವಾಸನೆಯೂ ಇಂದಿಗೂ ನೆನಪಿವೆ. ಅನಂತರ ಅತ್ತೆಯನ್ನು ಹಿಂದೆ ಕೂರಿಸಿಕೊಳ್ಳುವುದನ್ನೂ ಬಿಟ್ಟರು. "ನಾ ಬಿದ್ರ ನನ್ನ ಕರ್ಮ. ಆಕಿ ಯಾಕ ಬೀಳಬೇಕು?" ಎಂಬುದು ಅವರ ವಾದ. ನನಗೆ ಮಾತ್ರ ಆ ಸ್ಥಾನದಲ್ಲಿ ವಿನಾಯಿತಿ ಇದೆ: "ನೀ ಬಿದ್ರೂ ಏಳ್ತಿ." ಅರವತ್ತೈದಕ್ಕೆ ಹೆದ್ದಾರಿಗೆ ಕೈಮುಗಿದರು. ಈಗ, ಎರಡು ವರ್ಷಗಳಿಂದ, ಒದೆಯುವ ಕೆಲಸವನ್ನು ಪಕ್ಕದ ಮನೆಯ ಹುಡುಗನಿಗೆ ವಹಿಸಿದ್ದಾರೆ. ಎದುರು ಮನೆಯ ಮುದುಕಿಗೆ ಎಣಿಸುವ ಉದ್ಯೋಗ ತಪ್ಪಿತು.

ಹೀಗಿದ್ದರೂ ಮನೆಯಲ್ಲಿ ಶಾಂತಿಯಿಲ್ಲ. ಬೆಂಗಳೂರಿನಲ್ಲಿರುವ ಮಗ ಬಂದಾಗಲೆಲ್ಲ, "ಅಪ್ಪಾ, ಸಾಕ್ರಿ ಇನ್ನ. ಎಲ್ಲಿಗಿ ಹೋಗೂದಿದ್ರೂ ಕಾರು ಮಾಡಿಕೊಂಡು ಹೋಗ್ರಿ" ಎನ್ನುತ್ತಾನೆ. ಒಮ್ಮೆ ಕೀಲಿಕೈಯನ್ನು ಬಚ್ಚಿಟ್ಟೂ ನೋಡಿದ. ಮೂರು ದಿನ ಮಾವ ಯಾರೊಡನೆಯೂ ಜಗಳವಾಡಲಿಲ್ಲ. ಹೊಲಕ್ಕೆ ನಡೆದು ಹೋದರು, ನಡೆದು ಬಂದರು, ಊಟ ಕಡಿಮೆ ಮಾಡಿದರು. ನಾಲ್ಕನೆಯ ದಿನ ಕೀಲಿಕೈಯನ್ನು ಹುಡುಕಿ ಕೊಟ್ಟವರು ಅತ್ತೆ. "ಗಾಡಿ ಇಲ್ಲಂದ್ರ ಇವರು ದಿನಾ ಮನ್ಯಾಗ ಕುಂದರತಾರ. ಅದನ್ನ ಯಾರು ತಾಳಬೇಕಪಾ?" ಎಂದು ನಗೆಯಾಡಿದರು. ಆದರೆ ನಗೆಯ ಹಿಂದೆ ಲೆಕ್ಕಾಚಾರವೂ ಇತ್ತು. ಆ ಹಳ್ಳಿಗೆ ಬಸ್ಸು ಬರುವುದು ದಿನಕ್ಕೆರಡು ಸಲ. ಹೊಲ, ಕುಕನೂರಿನ ಸಂತೆ, ಗೆಳೆಯರ ಮನೆ, ಗಂಗಾವತಿಯಲ್ಲಿರುವ ಮಗಳು, ಇವೆಲ್ಲವನ್ನೂ ಮಾವನಿಗೆ ಸಮೀಪವಾಗಿಸಿದ್ದು ಆ ಗಾಡಿ. ನಗರದ ಮನೆಯಲ್ಲಿ ತಂದೆಯ ಸ್ಕೂಟರನ್ನು ಮಾರಿದರೆ ಆಟೋ ಉಂಟು. ಇಲ್ಲಿ ಗಾಡಿ ಹೋದರೆ ಲೋಕವೇ ಅಗಸೆಯ ಒಳಗೆ ಬಂದು ನಿಲ್ಲುತ್ತದೆ.

ಸರಕಾರವೂ ಈ ಪ್ರಶ್ನೆಯನ್ನು ಯೋಚಿಸದೆ ಇಲ್ಲ. ೨೦೧೯ರ ತಿದ್ದುಪಡಿಯಾದ ಮೇಲೆ, ಐವತ್ತೈದು ದಾಟಿದವರಿಗೆ ಲೈಸೆನ್ಸು ಐದೈದು ವರ್ಷಗಳಿಗೆ ಮಾತ್ರ ಸಿಗುತ್ತದೆ. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಕಳೆದ ಸಲ ಕೊಪ್ಪಳಕ್ಕೆ ಮಾವನೊಡನೆ ನಾನೂ ಹೋಗಿದ್ದೆ. ವೈದ್ಯರು ಅಕ್ಷರದ ಪಟವನ್ನು ಓದಿಸಿದರು. ಮಾಸ್ತರರಿಗೆ ಅಕ್ಷರ ಓದಿಸಿದರೆ ಸೋಲುವರೆ? ಕೊನೆಯ ಸಾಲಿನವರೆಗೂ ಓದಿ ಮೀಸೆ ತಿರುವಿದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಇದನ್ನ ಹೊತ್ತು ಮುಳುಗಿದ ಮ್ಯಾಲೆ ಓದಿಸಬೇಕಿತ್ತು" ಎಂದರು. ಕಾಯದೆಗಿಂತ ಕಟುವಾದ ಪರೀಕ್ಷಕ ಅವರೊಳಗೇ ಇದ್ದಾನೆಂಬುದು ನನಗೆ ಅಂದು ತಿಳಿಯಿತು.

ಮುದುಕ ಸವಾರರ ಮಾತು ಬಂದಾಗ ನ್ಯೂಜಿಲೆಂಡಿನ ಬರ್ಟ್ ಮನ್ರೋ ಎಂಬವನನ್ನು ನೆನೆಯದಿರಲಾಗದು. ೧೮೯೯ರಲ್ಲಿ ಹುಟ್ಟಿದ ಈತ ೧೯೨೦ರಲ್ಲಿ ಕೊಂಡ 'ಇಂಡಿಯನ್ ಸ್ಕೌಟ್' ಗಾಡಿಯನ್ನು ಜೀವಮಾನವೆಲ್ಲ ತಿದ್ದುತ್ತ, ಪಿಸ್ಟನ್ನುಗಳನ್ನು ಸಹ ತಾನೇ ಎರಕ ಹೊಯ್ಯುತ್ತ, ೧೯೬೭ರಲ್ಲಿ ಅಮೆರಿಕೆಯ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ ಸುಮಾರು ೨೯೬ ಕಿಲೊಮೀಟರು ವೇಗದಲ್ಲಿ ಓಡಿಸಿ ತನ್ನ ತರಗತಿಯಲ್ಲಿ ದಾಖಲೆ ಸ್ಥಾಪಿಸಿದ. ಆಗ ಅವನಿಗೆ ಅರವತ್ತೆಂಟು. ಮಾವನದೂ ಅದೇ ವಯಸ್ಸಾದುದರಿಂದ ಉತ್ಸಾಹದಿಂದ ಈ ಕತೆಯನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಬೈಲಾಗ ಹುರುಳಿ ಹಾಕಿದ್ರೇನು?"

ಅವರಿಗೆ ಹೆಚ್ಚು ಪಾಠ ಕಲಿಸಿದ್ದು ಗಂಗಾವತಿಯ ಅವರ ಗೆಳೆಯರೊಬ್ಬರ ಅನುಭವ. ಅವರದು ಹಳೆಯ ಬುಲೆಟ್. ೧೯೫೫ರಲ್ಲಿ ಮದರಾಸಿಗೆ ಬಂದ ಆ ಇಂಗ್ಲಿಷ್ ಗಾಡಿಗೆ ಬಹುಕಾಲ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಚಿನವುಗಳಲ್ಲಿ ಇದು ಅದಲುಬದಲಾಗಿದೆ. ಮಕ್ಕಳು ಪ್ರೀತಿಯಿಂದ, ಒದೆಯುವ ಕಷ್ಟ ಬೇಡವೆಂದು, ಗುಂಡಿ ಒತ್ತಿದರೆ ಹೊರಡುವ ಹೊಸ ಬುಲೆಟ್ಟನ್ನು ತಂದುಕೊಟ್ಟರು. ವಾರವೆಲ್ಲ ಸುಖವಾಗಿ ನಡೆಯಿತು. ಎಂಟನೆಯ ದಿನ ಎಮ್ಮೆಯೊಂದು ಅಡ್ಡ ಬಂತು. ಬುದ್ಧಿ ಬ್ರೇಕು ಎಂದಿತು, ಮೂವತ್ತು ವರ್ಷದ ಅಭ್ಯಾಸ ಎಡಗಾಲನ್ನು ಒತ್ತಿತು. ಅಲ್ಲಿದ್ದುದು ಗೇರು! ಭತ್ತದ ರಾಶಿಯೊಂದು ಎದುರಿಗಿದ್ದುದರಿಂದ ಮುಂಗೈ ಮುರಿಯುವುದರಲ್ಲಿಯೇ ಮುಗಿಯಿತು. ಮುಪ್ಪಿನಲ್ಲಿ ಹೊಸ ಸೌಕರ್ಯವೇ ಹೊಸ ಅಪಾಯವಾಗಬಲ್ಲುದೆಂಬುದನ್ನು ಕೊಡುಗೆ ತರುವ ಮಕ್ಕಳು ಗಮನಿಸಬೇಕು. ಗೇರಿಲ್ಲದ ಸ್ಕೂಟರಿನ ಸಲಹೆಯನ್ನೂ ಮಾವ ಒಪ್ಪಿಲ್ಲ. ಅದರ ಸಣ್ಣ ಗಾಲಿ ತಗ್ಗಿನಲ್ಲಿ ಇಳಿದೇ ಹೋಗುತ್ತದೆ, ಯೆಜ್ಡಿಯ ದೊಡ್ಡ ಗಾಲಿ ದಾಟಿಕೊಳ್ಳುತ್ತದೆ ಎನ್ನುತ್ತಾರೆ. ನಮ್ಮ ದಾರಿಗಳನ್ನು ನೋಡಿದವರು ಇದನ್ನು ಅಲ್ಲಗಳೆಯಲಾರರು.

ಹಾಗಾದರೆ ಪೂರ್ತಿಯಾಗಿ ಬಿಡುವುದು ಎಂದು? ಇದನ್ನು ನಾನು ಒಮ್ಮೆ ನೇರವಾಗಿಯೇ ಕೇಳಿದೆ. ಅವರಲ್ಲಿ ಉತ್ತರ ಸಿದ್ಧವಾಗಿತ್ತು. ಗಾಡಿಯನ್ನು ಎರಡು ಕಾಲಿನ ದೊಡ್ಡ ಸ್ಟ್ಯಾಂಡಿಗೆ ಎಳೆದು ನಿಲ್ಲಿಸುವುದಕ್ಕೆ ಕಾಲು, ಸೊಂಟ, ತೋಳು, ತೂಕದ ಅಂದಾಜು ಎಲ್ಲವೂ ಒಟ್ಟಿಗೆ ಬೇಕು. "ಅದನ್ನ ಎಂದ ನನ್ನ ಕೈಲೆ ಸ್ಟ್ಯಾಂಡಿಗೆ ಹಾಕಾಕ ಆಗೂದಿಲ್ಲ, ಅಂದ ಮುಗೀತು. ನೀವ್ಯಾರೂ ಹೇಳಬ್ಯಾಡ್ರಿ." ಒದೆಯುವುದಕ್ಕೆ ಹುಡುಗನ ನೆರವು ಪಡೆದವರು ಇದಕ್ಕೆ ಮಾತ್ರ ಯಾರನ್ನೂ ಹತ್ತಿರ ಬಿಡುವುದಿಲ್ಲ.

ಕಳೆದ ನವೆಂಬರಿನಲ್ಲಿ ಗಂಗಾವತಿಯ ಮಗಳ ಮನೆಯ ಕಾರ್ಯಕ್ಕೆ ಇಬ್ಬರೂ ಯೆಜ್ಡಿಯ ಮೇಲೆಯೇ ಹೋಗಿದ್ದೆವು. ಮರಳುವಾಗ ಕೊಪ್ಪಳದ ದಾರಿ ಬೇಡವೆಂದರು. ಗಿಣಿಗೇರಿಯ ಕಡೆಯ ಲಾರಿಗಳ ಸಾಲು ಅವರಿಗೆ ಆಗದು. ಕನಕಗಿರಿ, ತಾವರಗೇರಾ, ಕುಷ್ಟಗಿಗಳ ಸುತ್ತಿನ ದಾರಿ ಹಿಡಿದೆವು. ಊಟ ತಡವಾಗಿ ಹೊರಟದ್ದೇ ತಪ್ಪಾಯಿತು. ಕನಕಗಿರಿ ದಾಟುವಾಗ ಬಿಸಿಲು ಓರೆಯಾಗಿತ್ತು. ಹಿಂದೆ ಕುಳಿತ ನನಗೆ ಅವರ ಹೆಗಲು ಬಿಗಿಯಾಗುತ್ತಿರುವುದು ಕಾಣುತ್ತಿತ್ತು, ನಾನು ಮಾತನಾಡಲಿಲ್ಲ. ತಾವರಗೇರಾದ ಹೊರಗೆ ಬೇವಿನ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ ಇಳಿದರು. ಆಕಾಶದಲ್ಲಿ ನನ್ನ ಕಣ್ಣಿಗೆ ಇನ್ನೂ ಬೇಕಾದಷ್ಟು ಬೆಳಕಿತ್ತು.

"ಅಳಿಯಾ, ಇನ್ನ ನೀ ಹಿಡಿ. ನನ್ನ ಕಣ್ಣಿಗೆ ಹೊತ್ತು ಮುಳುಗೇತಿ."

ಕುಷ್ಟಗಿಯಲ್ಲಿ ಹೆದ್ದಾರಿಯನ್ನು ದಾಟುವಾಗ ಅವರ ಕೈ ಒಮ್ಮೆ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದು ಸಡಿಲವಾಯಿತು. ಮನೆ ಮುಟ್ಟಿದಾಗ ಎಂಟು ಹೊಡೆದಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಇಳಿದು ಗಾಡಿಯನ್ನು ಸ್ಟ್ಯಾಂಡಿಗೆ ಎಳೆಯಲು ಹೋದೆ. ಮಾವ ನನ್ನ ಕೈ ಸರಿಸಿ, ಚಪ್ಪಲಿ ಬಿಟ್ಟು, ಬಲಗಾಲನ್ನು ಸ್ಟ್ಯಾಂಡಿನ ಮೇಲಿಟ್ಟರು. ಮೊದಲ ಸಲ ಗಾಡಿ ಅರ್ಧಕ್ಕೆ ಎದ್ದು ಮತ್ತೆ ಇಳಿಯಿತು. ಅತ್ತೆ ಒಳಗೆ ಹೋಗಿ ದೀಪದ ಗುಂಡಿ ಹುಡುಕುವ ನೆವ ಮಾಡಿದರು. ನಾನು ಓಣಿಯ ಕಡೆ ತಿರುಗಿ ನಿಂತೆ. ಎರಡನೆಯ ಸಲ 'ಖಟ್' ಎಂಬ ಸಪ್ಪಳ ಕೇಳಿಸಿತು.