ಬಲೆ ತುಂಬಿದೆ, ಸಮುದ್ರ ಖಾಲಿ: ಫೋನಲ್ಲೇ ಒಂದು ಮೀನಿನ ಮಾಡೆಲ್

ಪರಿಸರದ ಗಣಿತ ಅಂದ ಕೂಡ್ಲೇ ಕ್ಯಾಲ್ಕುಲಸ್ ಬೇಕು, ಬಿ.ಕಾಂ. ಓದಿದ ನನ್ನಂಥವರಿಗಲ್ಲ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಶುರು ಮಾಡೋಕೆ ಚಕ್ರಬಡ್ಡಿ ಗೊತ್ತಿದ್ರೆ ಸಾಕು. ಫೋನಲ್ಲಿ ಗೂಗಲ್ ಶೀಟ್ಸ್ ಓಪನ್ ಮಾಡಿ, ಜೊತೆಗೇ ಬನ್ನಿ.

ಒಂದು ಸಮುದ್ರದಲ್ಲಿ 1,000 ಟನ್ ಮೀನಿದೆ, ಅದಕ್ಕಿಂತ ಹೆಚ್ಚು ಮೀನಿಗೆ ಅಲ್ಲಿ ಆಹಾರ ಇಲ್ಲ ಅಂತ ಇಟ್ಕೊಳ್ಳಿ. ಬ್ಯಾಂಕಲ್ಲಿ ಅಸಲು ಎಷ್ಟೇ ಬೆಳೆದ್ರೂ ಬಡ್ಡಿ ದರ ಅದೇ. ಇಲ್ಲಿ ಹಾಗಲ್ಲ, ಸಮುದ್ರ ತುಂಬ್ತಾ ಬಂದ ಹಾಗೆ ದರ ಇಳಿಯುತ್ತೆ. ಬೆಲ್ಜಿಯಂನ ವೆರ್‌ಹುಲ್ಸ್ಟ್ 1838ರಲ್ಲಿ ಕೊಟ್ಟ ಸಮೀಕರಣದ ಸರಳ ರೂಪ ಇದು:

ವರ್ಷದ ಬೆಳವಣಿಗೆ = 0.4 × ಮೀನು × (1 − ಮೀನು ÷ 1000)

ಈ 0.4 ನಾನು ಆರಿಸಿಕೊಂಡದ್ದು. ಈಗಿರೋ ಮೀನಿಗೆ ಬೆಳವಣಿಗೆ ಕೂಡಿಸಿ, ಹಿಡಿದದ್ದನ್ನು ಕಳೆದ್ರೆ ಮುಂದಿನ ವರ್ಷದ ಮೀನು. ಅಷ್ಟೇ ಮಾಡೆಲ್.

ಮೀನು 1,000 ಇದ್ದಾಗ ಬೆಳವಣಿಗೆ ಸೊನ್ನೆ. 500 ಇದ್ದಾಗ ಅತಿ ಹೆಚ್ಚು, 100 ಟನ್. ಹಾಗಾಗಿ 1,000ದಿಂದ ಶುರು ಮಾಡಿ ವರ್ಷಕ್ಕೆ 100 ಟನ್ ಹಿಡಿದ್ರೆ, ಮೀನು ಇಳೀತಾ ಇಳೀತಾ 500ರ ಹತ್ತಿರ ಬಂದು ನಿಲ್ಲುತ್ತೆ. ಈಗ 110 ಹಾಕಿ, ಸೂತ್ರ ಕೆಳಗೆ ಎಳೀರಿ. 10ನೇ ವರ್ಷ ಸುಮಾರು 600. 20ನೇ ವರ್ಷ 487. 30ನೇ ವರ್ಷ 367. 40ನೇ ವರ್ಷ ಖಾಲಿ.

ಖಾಲಿ ಆಗಿದ್ದಕ್ಕಿಂತ ನನ್ನ ತಲೆ ಕೆಡಿಸಿದ್ದು ಪಕ್ಕದ ಕಾಲಂ, ಹಿಡಿದ ಮೀನಿನದು. 39 ವರ್ಷವೂ 110, 110, 110! ಲಾಭ-ನಷ್ಟದ ಲೆಕ್ಕ ಮಾತ್ರ ನೋಡೋನಿಗೆ ಇದು ಸೂಪರ್ ಬಿಸಿನೆಸ್. ಬ್ಯಾಲೆನ್ಸ್ ಶೀಟ್ ತೆಗೆದ್ರೆ ಅಸಲೇ ಕರಗ್ತಾ ಇದೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ ಮೀನಿನ ಕಥೆ ಇಷ್ಟು ನೀಟಾಗಿಲ್ಲ. 1968ರಲ್ಲಿ ದೇಶ-ವಿದೇಶದ ಟ್ರಾಲರ್‌ಗಳು ಸೇರಿ 8 ಲಕ್ಷ ಟನ್ ಹಿಡಿದವು. ಆಮೇಲೆ ಕೆನಡಾ ಕೋಟಾ ಹಾಕಿತು, ಆದ್ರೆ ಸಮುದ್ರದಲ್ಲಿ ಇರೋದಕ್ಕಿಂತ ಹೆಚ್ಚು ಮೀನಿದೆ ಅಂತ ಲೆಕ್ಕ ಹಾಕಿ. ಸೋನಾರ್ ಇದ್ದ ದೋಣಿಗಳು ಉಳಿದ ಗುಂಪುಗಳನ್ನೇ ಹುಡುಕಿ ಹಿಡೀತಿದ್ದರಿಂದ ಬಲೆ ತುಂಬಿಯೇ ಬರ್ತಿತ್ತು. 1992ರ ಜುಲೈನಲ್ಲಿ ನಿಷೇಧ ಬಂತು, ಸುಮಾರು 30,000 ಜನರ ಕೆಲಸ ಹೋಯ್ತು. ನಿಷೇಧ ತೆಗೆದದ್ದು 2024ರಲ್ಲಿ.

ಮತ್ತೆ ಶೀಟ್‌ಗೆ ಬನ್ನಿ. ಇಷ್ಟೇ ಟನ್ ಅನ್ನೋ ಬದಲು, ಇರೋ ಮೀನಿನಲ್ಲಿ ಶೇ. 20 ಅಂತ ಹಾಕಿ. ಮೀನು 500ಕ್ಕೆ ನಿಲ್ಲುತ್ತೆ, ಸಿಗೋದು ಅದೇ 100 ಟನ್. ಹತ್ತನೇ ಒಂದು ಭಾಗ ಜಾಸ್ತಿ ಮಾಡಿ, ಶೇ. 22. ಈ ಸಲ ಏನೂ ಮುಳುಗಲ್ಲ. ಮೀನು 450ಕ್ಕೆ ನಿಲ್ಲುತ್ತೆ, 99 ಟನ್ ಸಿಗುತ್ತೆ. ಮೀನು ಕಮ್ಮಿ ಆದ್ರೆ ಹಿಡಿಯೋದೂ ತಾನಾಗೇ ಕಮ್ಮಿ ಆಗುತ್ತಲ್ಲ, ಅದಕ್ಕೆ. ನನ್ನ ಓಟು ಇದಕ್ಕೇ. ಆದ್ರೆ ಸಮುದ್ರದಲ್ಲಿ ಎಷ್ಟಿದೆ ಅಂತ ಪ್ರತಿ ವರ್ಷ ಸರಿಯಾಗಿ ಎಣಿಸಬೇಕು. ಕೆನಡಾ ಎಡವಿದ್ದೂ ಅಲ್ಲೇ.

ಇನ್ನೊಂದು ನೀವೇ ಮಾಡಿ ನೋಡಿ. ಕೋಟಾ 100ಕ್ಕೇ ಇಡಿ, 500ರಿಂದ ಶುರು ಮಾಡಿ, ಒಂದು ವರ್ಷ ಮಾತ್ರ ಯಾವುದೋ ರೋಗ ಬಂದು ಮೀನು 450ಕ್ಕೆ ಇಳೀತು ಅಂತ ಹಾಕಿ. ಆಮೇಲೆ ಸೂತ್ರ ಕೆಳಗೆ ಎಳೀತಾ ಹೋಗಿ. ಎಷ್ಟನೇ ವರ್ಷ ಖಾಲಿ ಆಯ್ತು ಅಂತ ನನಗೂ ಹೇಳಿ.